ಅಟ್ಟದ ಮ್ಯಾಲಿನ ಗಿಟಾರು ಹುಡುಗಿಗೆ ಯಾಕ ಬ್ಯಾಡ

"ಹಳೇದು ಅಂದ್ರ ಬಂಗಾರ" ಅನ್ನೋ ಮಾತನ್ನ ಈ ಎರಡು ತಿಂಗಳದಾಗ ನಾ ಎಷ್ಟು ಸಲ ಕೇಳೇನಿ ಅಂದ್ರ, ಸಲಕ್ಕೊಂದು ಗುಂಜಿ ಬಂಗಾರ ಕೊಟ್ಟಿದ್ರ ಇಷ್ಟೊತ್ತಿಗೆ ಒಂದು ಜೋಡಿ ಪಾಟ್ಲಿ ಆಗ್ತಿದ್ವು. ಹೇಳಿದವರೆಲ್ಲಾ ನಮ್ಮವರೇ. ಅರ್ಧಕ್ಕರ್ಧ ಮಂದಿ ಇದನ್ನ ಓದೋರೂ ಹೌದು. ಹಂಗಾಗಿ ಒಬ್ಬೊಬ್ಬರಿಗೂ ಫೋನಿನ್ಯಾಗ ಬ್ಯಾರೆ ಬ್ಯಾರೆ ಜವಾಬು ಕೊಡೋಕಿಂತ ಎಲ್ಲಾ ಇಲ್ಲೇ ಬರದು ಮುಗಸ್ತೀನಿ. ಸಿಟ್ಟು ಬಂದ್ರ ಬರ್ಲಿ, ಚಾ ಕುಡ್ಯಾಕ ಬಂದಾಗ ಹೇಳ್ರಿ.

ವಿಷಯ ಇಷ್ಟೇ. ಒಂಬತ್ತನೇ ಇಯತ್ತಾ ಓದೋ ನನ್ನ ಮಗಳಿಗೆ ಗಿಟಾರ್ ಕಲೀಬೇಕಾಗೇದ. ಹೊಸಾದು ತೊಗೋಬೇಕೋ ಹಳೇದು ತೊಗೋಬೇಕೋ ಅನ್ನೋದು ಪ್ರಶ್ನೆ. ನಮ್ಮ ಮನೆತನದಾಗ ಅದಕ್ಕ ಮೂರು ಉತ್ತರ ಬಂದ್ವು. ಭಾವನವರ ಕಾಲೇಜಿನ ಕಾಲದ ಗಿಟಾರು ಅಟ್ಟದ ಮ್ಯಾಲೆ ಅದ, ಅದನ್ನ ಇಳಿಸಿ ಕೊಡ್ರಿ ಅನ್ನೋದು ಒಂದು. ಬೆಳಗಾವಿಯೊಳಗ ಒಬ್ಬರ ಕಡೆ ಐವತ್ತು ವರ್ಷದ ಹಳೇ 'ವಿಂಟೇಜ್' ಗಿಟಾರು ಅದ, ಅಂಥಾದ್ದು ಮತ್ತ ಸಿಗೂದಿಲ್ಲ ಅನ್ನೋದು ಎರಡನೇದ್ದು. ಅಮೇರಿಕಾದಿಂದ ಬರೋವಾಗ ಯಾರಾರ ಒಂದು ಹಳೇದು ಹಿಡಕೊಂಡು ಬರ್ತಾರ ಅನ್ನೋದು ಮೂರನೇದ್ದು. "ಆಕಿಗೆ ಒಂದು ಹೊಸಾದು ತಂದುಕೊಡ್ರಿ" ಅಂತ ಒಬ್ಬರ ಬಾಯಿಂದನೂ ಬರ್ಲಿಲ್ಲ. ಅದೇ ನನಗ ಹತ್ತಿದ್ದು.

ಯಾಕಂದ್ರ ನಮ್ಮ ಮನ್ಯಾಗ ಗಂಡು ಹುಡುಗರಿಗೆ ಬ್ಯಾಟು ಬೇಕಾದಾಗ ಯಾರೂ ಅಟ್ಟ ಹತ್ತಲಿಲ್ಲ. ಸೈಕಲ್ಲು ಬೇಕಾದಾಗ, ಆಮ್ಯಾಲೆ ಮೋಟರ್‌ಸೈಕಲ್ಲು ಬೇಕಾದಾಗ "ಹಳೇದು ಬಂಗಾರ" ಅಂತ ಯಾರೂ ಅನ್ಲಿಲ್ಲ. ಅಂಗಡಿಗೆ ಕರಕೊಂಡು ಹೋಗಿ, ಕೈಗೆ ಹೊಂದ್ತದೋ ಇಲ್ಲೋ ಅಂತ ಹಿಡಸಿ ನೋಡಿ, ಪೇಢೆ ಹಂಚಿ ತಂದ್ರು. ಹುಡುಗಿ ಏನಾರ ಕೇಳಿದಾಗಷ್ಟೇ ಹಳೇದರ ಗುಣ ನೆನಪಾಗ್ತದ. ಆಕಿ ಆರು ತಿಂಗಳಿಗೆ ಬಿಟ್ಟುಬಿಟ್ಲು ಅಂದ್ರ, "ನಾವು ಹೇಳಿರ್ಲಿಲ್ಲೇನು, ರೊಕ್ಕ ಉಳೀತು" ಅನ್ನೋ ಮಾತೂ ತಯಾರೇ ಇರ್ತದ. ನನ್ನ ಮಾತು ಏನಂದ್ರ, ಆಕಿ ಬಿಡೋಹಂಗ ಮಾಡೋದು ಆ ಹಳೇ ಡಬ್ಬಿನೇ.

ಹಳೇದರ ಮ್ಯಾಲೆ ನನಗೇನೂ ವೈರತ್ವ ಇಲ್ಲ. ನಮ್ಮವ್ವನ ಮಿರಜದ ತಂಬೂರಿ ನನಗಿಂತ ದೊಡ್ಡದು ವಯಸ್ಸಿನ್ಯಾಗ, ಇನ್ನೂ ಖೋಲಿ ತುಂಬೋಹಂಗ ನುಡೀತದ. ಆದ್ರ ತಂಬೂರಿ ತಂತಿಯನ್ನ ನಾವು ಬಟ್ಟಿನಿಂದ ಒತ್ತೂದಿಲ್ಲ, ಬರೇ ಮೀಟ್ತೀವಿ. ಅದರ ಕುತ್ತಿಗಿ ಕೂದಲೆಳಿಯಷ್ಟು ಬಾಗಿದ್ರೂ ಹಾಡೋರ ಬೆರಳಿಗೆ ಏನೂ ಆಗೂದಿಲ್ಲ. ಕುದುರಿ ಮ್ಯಾಲಿನ ಜವಾರಿ ಸರಿ ಮಾಡಿಸಿ, ಹೊಸಾ ತಂತಿ ಹಾಕಿದ್ರ ಮುಗೀತು. ಪೇಟಿ ವಿಷಯನೂ ಹಂಗ. ಹಳೇ ಜರ್ಮನ್ ರೀಡು, ಪ್ಯಾರಿಸ್ ರೀಡು ಇದ್ದ ಹಾರ್ಮೋನಿಯಂಗೆ ಇವತ್ತಿಗೂ ಮಂದಿ ಕಣ್ಣಿಗೊತ್ತಿಕೊಂಡು ರೊಕ್ಕ ಕೊಡ್ತಾರ, ಯಾಕಂದ್ರ ಅದರ ದನಿ ಇರೋದು ಆ ಹಿತ್ತಾಳಿ ಪಟ್ಟಿಯೊಳಗ. ಭಾತೆ ಹರದ್ರ ಹೊಸಾದು ಹಚ್ಚಿಸಬಹುದು. ನಮ್ಮ ಅತ್ತಿಯವರ ಹೊಲಿಗಿ ಮಷೀನು ಕಬ್ಬಿಣದ್ದು, ಎಣ್ಣಿ ಬಿಟ್ರ ಓಡ್ತದ. ಹಳೇದು ಯಾತಕ್ಕ ಒಳ್ಳೇದು ಅನ್ನೋದಕ್ಕ ಪ್ರತಿಯೊಂದು ಸಾಮಾನಿಗೂ ಬ್ಯಾರೆ ಕಾರಣ ಇರ್ತದ. ಕಾರಣ ಕೇಳದೇ ಎಲ್ಲಾದಕ್ಕೂ ಒಂದೇ ಮಾತು ಹಚ್ಚಬಾರದು.

ಈಗ ಗಿಟಾರು ಏನಂತ ನೋಡ್ರಿ. ಅದರ ಮುಂದಿನ ಹಲಗಿ ನಮ್ಮ ಜ್ವಾಳದ ರೊಟ್ಟಿಯಷ್ಟು ದಪ್ಪ ಇರ್ತದ, ಬಹುತೇಕ 3 ಮಿಲಿಮೀಟರ್ ಒಳಗ. ಉಕ್ಕಿನ ಆರೂ ತಂತಿ ಶ್ರುತಿಗೆ ಬಿಗಿದಾಗ ಎಲ್ಲಾ ಕೂಡಿ ಸುಮಾರು 70 ಕಿಲೋ ಎಳೀತಾವ. 25 ಕಿಲೋದ ಅಕ್ಕಿ ಚೀಲ ಮೂರು ಇಟ್ಟಂಗ ಅನ್ನಬಹುದು. ಹಗಲೂ ರಾತ್ರಿ, ಯಾರೂ ಬಾರಸದಿದ್ರೂ, ಮೂವತ್ತು ವರ್ಷ ಅಟ್ಟದ ಮ್ಯಾಲೆ ಗೋಣಿಚೀಲದಾಗ ಸುತ್ತಿಟ್ಟಿದ್ರೂ, ಆ ಎಳೆತ ನಿಲ್ಲೂದಿಲ್ಲ. ಎಳದು ಎಳದು ಕುತ್ತಿಗಿ ಮುಂದಕ್ಕ ಬಾಗ್ತದ, ಕುದುರಿ ಹಿಂದಿನ ಹಲಗಿ ಉಬ್ತದ. ಅದರ ಮ್ಯಾಲೆ ನಮ್ಮ ಧಾರವಾಡದ ಹಂಚಿನ ಅಟ್ಟ ಬ್ಯಾರೆ. ಮಳಿಗಾಲದಾಗ ಹಪ್ಪಳ ಮೆತ್ತಗಾಗೋ ಥಂಡಿ, ಏಪ್ರಿಲ್ ಬಂತಂದ್ರ ಕೈ ಇಡಲಿಕ್ಕೆ ಆಗದಷ್ಟು ಕಾವು. ಕಟಗಿ ಉಬ್ಬಿ, ಒಣಗಿ, ಮತ್ತ ಉಬ್ಬಿ, ಅಂಟು ಬಿಡ್ತದ. ಗಿಟಾರಿನ ಕಟಗಿಗೆ ಸೇರೋ ಹವಾ ಅಂದ್ರ 45ರಿಂದ 55 ಪರ್ಸೆಂಟ್ ತೇವ. ನಮ್ಮ ಅಟ್ಟಕ್ಕೂ ಅದಕ್ಕೂ ಯಾವ ಜನ್ಮದಾಗೂ ಕೂಡೂದಿಲ್ಲ.

ಭಾವನವರ ಗಿಟಾರನ್ನ ಇಳಿಸಿ ನೋಡಿದ್ವಿ, ನೋಡದೇ ಮಾತಾಡ್ತೀನಿ ಅನಬ್ಯಾಡ್ರಿ. ಕುತ್ತಿಗಿ ಮ್ಯಾಲೆ ಸಿತಾರಿಗೆ ಇದ್ದಂಗ ಅಡ್ಡಕ್ಕ ಲೋಹದ ಪಟ್ಟಿ ಇರ್ತಾವಲ್ಲ, ಅವಕ್ಕ ಫ್ರೆಟ್ ಅಂತಾರ. ಹನ್ನೆರಡನೇ ಫ್ರೆಟ್ ಹತ್ರ ಬಹಳಷ್ಟು ಗಿಟಾರಿನ್ಯಾಗ ಎರಡು ಚುಕ್ಕಿ ಇರ್ತಾವ. ಅಲ್ಲಿ ಫ್ರೆಟ್ಟಿಗೂ ತಂತಿಗೂ ನಡುವಿನ ಸಂದನ್ನ ಮಗಳ ಕಂಪಾಸ್ ಪೆಟಗಿ ಸ್ಕೇಲಿನಿಂದ ಅಳದ್ವಿ. ದಪ್ಪ ತಂತಿಗೆ ಎರಡೂವರಿ ಮಿಲಿಮೀಟರ್, ಸಣ್ಣ ತಂತಿಗೆ ಎರಡರ ಆಸುಪಾಸು ಇದ್ರ ಕಲಿಯೋ ಕೈಗೆ ಸರಿ. ನಾಲ್ಕು ದಾಟಿದ್ರ ತ್ರಾಸು. ಇದರಾಗ ಆರು ಇತ್ತು. ಆರು ಮಿಲಿಮೀಟರ್ ಅಂದ್ರ ಬೆರಳಿನ ತುದಿಯಿಂದ ಬೇಲಿ ತಂತಿ ಒತ್ತಿದಂಗ. ನಾ ರೊಟ್ಟಿ ಬಡದು ಗಟ್ಟಿಯಾದ ಕೈಯಿಂದ ಒತ್ತಿದ್ರ ಬೆರಳಿನ ಮ್ಯಾಲೆ ಗೆರಿ ಬಿತ್ತು. ಇನ್ನ ಹದಿನಾಲ್ಕು ವರ್ಷದ ಹುಡುಗಿಗೆ? ಅಷ್ಟು ದೂರದಿಂದ ಒತ್ತಿದ್ರ ತಂತಿ ಜಗ್ಗಿ ಸ್ವರನೂ ಮ್ಯಾಲೇರ್ತದ. ಅಂದ್ರ ಆಕಿ ಬರೋಬ್ಬರಿ ಬಾರಿಸಿದ್ರೂ ಅದು ಅಪಸ್ವರನೇ. ಕೇಳಿದವರು ಏನಂತಾರ? "ಕಿವಿ ಇಲ್ಲ ಬಿಡ್ರಿ ಹುಡುಗಿಗೆ."

ಅಕ್ಕಾ, ಇದು ನಿಮ್ಮ ಮನ್ಯಾಗಿನ ಗಿಟಾರು ಅಂತ ಮನಸಿಗೆ ಹಚಗೋಬ್ಯಾಡ್ರಿ. ಭಾವನವರು ಅದರ ಮ್ಯಾಲೆ ಛಲೋನೇ ಬಾರಸ್ತಿದ್ರು, ನನ್ನ ಲಗ್ನದಾಗ ಕೇಳೇನಿ. ಅದರ ತಲಿ ಮ್ಯಾಲೆ ಬರದಿದ್ದು ನೋಡಿ "ಗಿಬ್ಸನ್ ಅದು, ಲಕ್ಷಾಂತರ ಬಾಳ್ತದ" ಅಂತ ನಿಮ್ಮ ಮಗ ಹೇಳಿದ್ನಲ್ಲ, ಅದನ್ನೂ ಒಮ್ಮೆ ಕನ್ನಡಕ ಹಾಕ್ಕೊಂಡು ಓದ್ರಿ. 'ಬಿ' ಅಲ್ಲ ಅದು, 'ವಿ'. ಗಿವ್ಸನ್ ಅಂದ್ರ ಕಲ್ಕತ್ತಾದ್ದು. ಹೊರದೇಶದ್ದು ಸಲೀಸಾಗಿ ಸಿಗದಿದ್ದ ಕಾಲಕ್ಕ ನಮ್ಮ ದೇಶದಾಗ ಭಾಳ ಮಂದಿ ಅದರ ಮ್ಯಾಲೇ ಕಲ್ತಾರ, ಅದರಾಗ ನಾಚೋದೇನೂ ಇಲ್ಲ. ಆದ್ರ ಅದು ಅಮೇರಿಕಾದ ಗಿಬ್ಸನ್ ಅಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರ ನಮ್ಮ ಓಣ್ಯಾಗನೇ ಎರಡು ಮನ್ಯಾಗ ಇದನ್ನ ಕಂಡೀನಿ. ಗಿಟಾರಿನ್ಯಾಗ ಎರಡು ಜಾತಿ. ಉಕ್ಕಿನ ತಂತಿದ್ದು ಒಂದು, ನೈಲಾನ್ ತಂತಿದ್ದು ಒಂದು. ನೈಲಾನ್ ತಂತಿ ಎಳೆಯೋದು ಸುಮಾರು 40 ಕಿಲೋ ಮಾತ್ರ, ಅದಕ್ಕ ಅದರ ಹೊಟ್ಟಿ ಒಳಗಿನ ಕಟ್ಟೂ ಹಗುರ ಇರ್ತದ. ಹಳೇ ನೈಲಾನ್ ಗಿಟಾರಿಗೆ ತಂತಿ ಹರದಾಗ ಅಂಗಡಿಯವರು ಕೊಟ್ಟ ಉಕ್ಕಿನ ತಂತಿ ಹಾಕಿಬಿಡ್ತಾರ. ನಾಲ್ಕು ದಿನ ಛಂದ ನುಡೀತದ, ಆಮ್ಯಾಲೆ ಕುದುರಿ ಕಿತ್ತಿ ಬರ್ತದ, ಹಲಗಿ ಡೊಳ್ಳು ಬರ್ತದ. ಯಾರಾರ ಹಳೇ ಗಿಟಾರು ತೋರಿಸಿದ್ರ ಮೊದಲು ಇದನ್ನ ನೋಡ್ರಿ: ತಲಿ ನಡುವ ಉದ್ದಕ್ಕ ಎರಡು ಕಿಂಡಿ ಕೊರದು, ಬಿಳೀ ಉರುಳಿಗೆ ತಂತಿ ಸುತ್ತಿದ್ರ ಅದು ಬಹುತೇಕ ನೈಲಾನ್ ಜಾತಿದು. ಅದರ ಮ್ಯಾಲೆ ಕಬ್ಬಿಣದಂಥಾ ತಂತಿ ಕಂಡ್ರ ದುಡ್ಡಿನ ಚೀಲದ ಬಾಯಿ ಕಟ್ರಿ.

ಬೆಳಗಾವಿದೂ ಹೇಳ್ತೀನಿ. ಒಂದು ಐತವಾರ ಮಗಳನ್ನ ಕರಕೊಂಡು ಬಸ್ಸಿಗೆ ಹೋಗಿ ನೋಡಿಬಂದ್ವಿ. ಮಾರೋರು ಗೋವಾ ಕಡೆಯಿಂದ ತಂದದ್ದು, 1970ರ ಸುಮಾರಿನದ್ದು, 'ವಿಂಟೇಜ್' ಅಂದ್ರು. 35 ಸಾವಿರ. ವಿಂಟೇಜ್ ಅನ್ನೋ ಶಬ್ದ ಒಂದು ಸಲ ಅಂದಾಗೊಮ್ಮೆ ಐದು ಸಾವಿರ ಏರ್ತದಂತ ನನಗ ಅನಸ್ತು. ನೋಡಲಿಕ್ಕೆ ಖರೇ ಹೇಳ್ಬೇಕಂದ್ರ ಭಾಳ ಛಂದಿತ್ತು, ಹಳೇ ತುಪ್ಪದ ಬಣ್ಣ. ನಮ್ಮ ಹುಡುಗಿ ಕಣ್ಣು ಅದರಿಂದ ಕೀಳವಲ್ದು. ನಾ ಮೊಬೈಲ್ ಬ್ಯಾಟರಿ ಹಚ್ಚಿ, ನಡುವಿನ ತೂತಿನ್ಯಾಗ ಸಣ್ಣ ಕನ್ನಡಿ ಇಳಿಸಿ ನೋಡಿದೆ. ಅವರಿಗೆ ಅದು ಸೇರಲಿಲ್ಲ. ಒಳಗ ಹಲಗಿಗೆ ಆಸರ ಕೊಡೋ ಪಟ್ಟಿ ಇರ್ತಾವ, ಅದರಾಗ ಒಂದು ಬಿಟ್ಟು ನಿಂತಿತ್ತು. ಕುದುರಿ ಸುತ್ತ ಬಿಳೀ ಗೆರಿ, ಬಡಿಗ್ಯಾನ ಅಂಟು ಒಣಗಿದಂಗ. ಅಂದ್ರ ಅದು ಒಮ್ಮೆ ಕಿತ್ತು ಬಂದದ, ಯಾರೋ ಕುರ್ಚಿ ಕಾಲಿಗೆ ಅಂಟು ಹಚ್ಚಿದಂಗ ಹಚ್ಚಿ ಕೂಡಿಸ್ಯಾರ. ಕುದುರಿ ಕೆಳಗ ಒಂದು ಕಾಗದ ತೂರಿಸಿದ್ರ ಅರ್ಧ ಒಳಗ ಹೋತು. ಫ್ರೆಟ್ ಮ್ಯಾಲೆ ತಂತಿ ತಿಂದ ಕಚ್ಚುಗಳು. "ಇದೆಲ್ಲಾ ವಯಸ್ಸಿನ ಲಕ್ಷಣ ಮೇಡಂ, ಇದಕ್ಕೇ ಬೆಲಿ" ಅಂದ್ರು. ಮೊಣಕಾಲು ನೋವೂ ವಯಸ್ಸಿನ ಲಕ್ಷಣನೇ, ಅದಕ್ಕ ಯಾರೂ ಬೆಲಿ ಕೊಡಂಗಿಲ್ಲಲ್ರೀ.

ಕುತ್ತಿಗಿ ಬಾಗಿದ್ರ ಸರಿ ಮಾಡಿಸಬಹುದಲ್ಲ ಅಂತ ನಮ್ಮ ಮನಿಯವರು ಕೇಳಿದ್ರು. ಈಗಿನ ಬಹಳಷ್ಟು ಉಕ್ಕಿನ ತಂತಿ ಗಿಟಾರಿನ ಕುತ್ತಿಗಿಯೊಳಗ ಟ್ರಸ್ ರಾಡ್ ಅಂತ ಒಂದು ಉಕ್ಕಿನ ಸಲಾಕಿ ಇರ್ತದ, ಅದನ್ನ ಚಾವಿ ಹಾಕಿ ತಿರುವಿದ್ರ ಸಣ್ಣ ಬಾಗು ನೆಟ್ಟಗಾಗ್ತದ. ಹಳೇದರಾಗ ಭಾಳ ಕಡೆ ಅದು ಇರೂದಿಲ್ಲ. 1833ರಿಂದ ಗಿಟಾರ್ ಮಾಡ್ಕೋತ ಬಂದಿರೋ ಅಮೇರಿಕಾದ ಮಾರ್ಟಿನ್ ಕಂಪನಿಯವರೇ ತಿರುವಲಿಕ್ಕೆ ಬರೋ ಸಲಾಕಿ ಹಾಕಿದ್ದು 1985ರಾಗ. ಇನ್ನ ಕುತ್ತಿಗಿ ಹೊಟ್ಟಿಗೆ ಕೂಡೋ ಕೋನನೇ ತಪ್ಪಿದ್ರ ಸಲಾಕಿ ಇದ್ರೂ ಉಪಯೋಗಿಲ್ಲ. ಕೂಡಿಸಿದ ಜಾಗಕ್ಕ ಉಗಿ ಕೊಟ್ಟು, ಅಂಟು ಬಿಡಿಸಿ, ಕುತ್ತಿಗಿ ತಗದು, ಕೆತ್ತಿ ಮತ್ತ ಕೂಡಿಸಬೇಕು. ಅಂಥಾ ಕೈಯವರು ನಮ್ಮ ಓಣಿ ತುದಿಗೆ ಕೂತಿಲ್ಲ. ಕಿಡಕಿ ಮಾಡೋ ಬಡಿಗ್ಯಾನ ಕೈಗೆ ಕೊಟ್ರ ಅದು ಕಿಡಕಿನೇ ಆಗ್ತದ.

"ಆದ್ರ ಕಟಗಿ ನೋಡ್ರಿ, ಹಳೇ ರೋಸ್‌ವುಡ್, ಈಗ ಸಿಗೂದಿಲ್ಲ" ಅಂತನೂ ಬೆಳಗಾವಿಯವರು ಅಂದ್ರು. ರೋಸ್‌ವುಡ್ ಅಂದ್ರ ಬೀಟಿ. ನಮ್ಮ ಘಟ್ಟದ ಬೀಟಿ! ದಾಂಡೇಲಿ ಕಡೆ ಹೋದವರೆಲ್ಲಾ ನೋಡಿರ್ತೀರಿ, ಹಳೇ ಮನಿ ಕಪಾಟು, ತೂಗುಮಂಚ ಎಲ್ಲಾ ಅದರದೇ. ಮೊದಲು ಅಮೇರಿಕಾದವರು ಬ್ರೆಜಿಲ್ ದೇಶದ ಬೀಟಿ ವಾಪರಸ್ತಿದ್ರು. ಬ್ರೆಜಿಲ್ ಸರಕಾರ ದಿಮ್ಮಿ ಹೊರಗ ಕಳಸೋದನ್ನ ತಡದ ಮ್ಯಾಲೆ, 1969ರ ಸುಮಾರು ಮಾರ್ಟಿನ್‌ನವರು ಹಿಂದೂಸ್ತಾನದ ಬೀಟಿಗೆ ಬಂದ್ರು. ಬ್ರೆಜಿಲ್‌ದ್ದು ಅಪರೂಪ, ಅದಕ್ಕ ಹುಚ್ಚು ಬೆಲಿ, ಅದು ಖರೇ. ಆದ್ರ ಹಿಂದಿನ ಹಲಗಿ ಕರ್ರಗದ ಅಂದಾಕ್ಷಣ ಅದು ಬ್ರೆಜಿಲ್ ಆಗೂದಿಲ್ಲ, ಭಾಳ ಸಲ ಪ್ಲೈವುಡ್ ಮ್ಯಾಲೆ ಹಚ್ಚಿದ ತೆಳ್ಳನ ಪದರ ಇರ್ತದ. ನಡುವಿನ ತೂತಿನ ಅಂಚು ನೋಡಿದ್ರ ಗೊತ್ತಾಗ್ತದ: ಅಖಂಡ ಹಲಗಿ ಇದ್ರ ಮ್ಯಾಲಿನ ಎಳಿ ಹಂಗ ಅಂಚಿನ್ಯಾಗೂ ಇಳೀತದ, ಪ್ಲೈ ಇದ್ರ ಪದರು ಪದರು, ಚಿರೋಟಿ ಹಂಗ. ವಯಸ್ಸಾದಂಗ ದನಿ ಬಿಚ್ಚತದ ಅಂತ ಹೇಳೋದು ಮುಂದಿನ ಅಖಂಡ ಹಲಗಿ ಮಾತು. ಪ್ಲೈಗೆ ವಯಸ್ಸಾದ್ರ ಬರೇ ವಯಸ್ಸಾಗ್ತದ.

ಅಮೇರಿಕಾದಿಂದ ತರಸೋಣು ಅನ್ನೋರಿಗೂ ಇದೇ ಬೀಟಿ ಅಡ್ಡ ಬರ್ತದ. ಬ್ರೆಜಿಲ್ ಬೀಟಿಯನ್ನ 1992ರಾಗ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಎಲ್ಲಾಕಿಂತ ಬಿಗಿಯಾದ ಪಟ್ಟಿಗೆ ಹಾಕ್ಯಾರ, ಕಾಗದಪತ್ರ ಇಲ್ಲದೇ ಗಡಿ ದಾಟಿಸೋಹಂಗಿಲ್ಲ. ಉಳಿದ ಬೀಟಿ ಜಾತಿಗಳನ್ನ 2017ರಾಗ ಪಟ್ಟಿಗೆ ಸೇರಿಸಿದ್ರು, ತಯಾರಾದ ವಾದ್ಯಗಳಿಗೆ 2019ರ ಕೊನೀಗೆ ರಿಯಾಯ್ತಿ ಕೊಟ್ರು. ಹಂಗಂತ ನಮ್ಮ ತಮ್ಮನ ಹೆಂಡತಿ ಎರಡು ಕೂಸು, ನಾಲ್ಕು ಬ್ಯಾಗು ಹಿಡಕೊಂಡು ವಿಮಾನ ಇಳಿಯೋವಾಗ, ಹೆಗಲಿಗೊಂದು ಹಳೇ ಗಿಟಾರು ಹಾಕ್ಕೊಂಡು ಕಸ್ಟಮ್ಸ್‌ನವರಿಗೆ ಕಟಗಿ ಕುಲ ಹೇಳ್ಕೋತ ನಿಂದರಬೇಕೇನು? ಆಕಿಗೆ ಬ್ಯಾರೆ ಉದ್ಯೋಗ ಇಲ್ಲೇನು? ಈ ಸೂಚನಾ ಕೊಟ್ಟವರು ಯಾರೂ ಆಕಿನ್ನ ಕೇಳಿರ್ಲಿಲ್ಲ, ಅದೂ ಒಂದು ಮಾತು.

ಕಾಕಾ ಅವರು ಇನ್ನೊಂದು ದಾರಿ ಹಿಡದ್ರು. ಹಳೇ ಗಿಟಾರಿನ ಬೆಲಿ ಏರ್ತದ, ರೊಕ್ಕ ಹಾಕಿದಂಗ ಅಂತ. ಏರ್ತದ, ಯಾವುದರದ್ದು? ಎರಡನೇ ಮಹಾಯುದ್ಧಕ್ಕಿಂತ ಮೊದಲಿನ ಮಾರ್ಟಿನ್, ಗಿಬ್ಸನ್, ಅಂಥಾ ಬೆರಳಷ್ಟು ಹೆಸರಿಂದು. ಅವು ಹುಟ್ಟಿದ ಊರು ಬ್ಯಾರೆ, ಕೊಳ್ಳೋರ ಊರು ಬ್ಯಾರೆ. ನಮ್ಮ ಸುಭಾಸ ರೋಡಿನ್ಯಾಗ ಯಾರಿಗೆ ಮಾರ್ತೀರಿ? ರೊಕ್ಕ ಬೆಳೀಬೇಕಂದ್ರ ಪೋಸ್ಟಾಫೀಸಿನ್ಯಾಗ ಇಡ್ರಿ. ಹಳೇದು ಬಂಗಾರ ಅನ್ನೋರು ಸೀದಾ ಬಂಗಾರನೇ ತೊಗೊಳ್ರಿ, ಅದಕ್ಕ ಕುತ್ತಿಗಿ ಬಾಗೂದಿಲ್ಲ.

"ಇಷ್ಟೆಲ್ಲಾ ಯಾಕ, ಗಿಟಾರ್ ನಮ್ಮದೇ ಅಲ್ಲಲ್ಲ, ಹಾಡು ಕಲಸ್ರಿ" ಅಂದ ಮಾಮಿಯರಿಗೆ ಒಂದೇ ಮಾತು. ಪೇಟಿನೂ ಯುರೋಪಿನಿಂದ ಬಂದದ್ದೇ. 1940ರಿಂದ ಮೂವತ್ತು ವರ್ಷ ಆಕಾಶವಾಣಿಯೊಳಗ ಅದಕ್ಕ ಪ್ರವೇಶ ಇರ್ಲಿಲ್ಲ. ಇವತ್ತು ಪೇಟಿ ಇಲ್ಲದ ನಿಮ್ಮ ಭಜನಾ ಮಂಡಳಿ ಹೆಂಗಿರ್ತದ, ಹೇಳ್ರಿ. ಗಿಟಾರನ್ನ ತೊಡಿ ಮ್ಯಾಲೆ ಅಡ್ಡ ಇಟಗೊಂಡು ರಾಗ ಬಾರಿಸಿದ ವಿಶ್ವಮೋಹನ ಭಟ್ಟರಿಗೆ 1994ರಾಗ ಗ್ರ್ಯಾಮಿ ಬಂತು. ವಾದ್ಯ ಯಾರು ಬಾರಸ್ತಾರೋ ಅವರದು.

ಹಂಗಾದ್ರ ಹಳೇ ಗಿಟಾರು ಯಾರೂ ತೊಗೋಬಾರದೇನು? ತೊಗೋಬೇಕು. ಐದಾರು ವರ್ಷ ಬಾರಿಸಿ ಕೈ ಕಿವಿ ಎರಡೂ ಪಳಗಿದವರು, ಮುಂದಿನ ಹಲಗಿ ಅಖಂಡ ಅದನೋ ಇಲ್ಲೋ ನೋಡಿ, ಮನ್ಯಾಗ ಮನುಷ್ಯಾರು ಮಲಗೋ ಖೋಲಿಯೊಳಗ ಇಟ್ಟು ದಿನಾ ಬಾರಿಸಿದ್ದನ್ನ ತೊಗೋಬೇಕು. ಬಳಕಿಯೊಳಗ ಇದ್ದ ವಾದ್ಯಕ್ಕ ರೋಗ ಬಂದ್ರ ಲಗೂನ ಕಾಣಸ್ತದ, ಇಟ್ಟಿದ್ದಕ್ಕ ಒಳಗಿಂದೊಳಗ ಬೆಳೀತದ. ಬಾರಸಿದವರು ಯಾರಂತ ಗೊತ್ತಿದ್ರ ಇನ್ನೂ ಛಲೋ. ರಿಪೇರಿ ಖರ್ಚು ಮೊದಲೇ ಕೇಳಿ, ಅದನ್ನ ಬೆಲಿಗೆ ಕೂಡಿಸಿ, ಹೊಸಾದರ ಬೆಲಿ ಮುಂದ ಇಟ್ಟು ನೋಡ್ಬೇಕು. ಮಗಳು ನಾಳೆ ಆ ಮಟ್ಟಕ್ಕ ಬಂದ್ಲಂದ್ರ ನಾನೇ ಕನ್ನಡಿ, ಸ್ಕೇಲು, ಬ್ಯಾಟರಿ ಹಿಡಕೊಂಡು ಗೋವಾ ತನಕಾ ಹೋಗ್ತೀನಿ. ಮೊದಲನೇ ಗಿಟಾರು ಮಾತ್ರ ಹಂಗಿರಬಾರದು. ಮೊದಲನೇದು ಸುಮ್ಮನ ಹೇಳಿದ ಮಾತು ಕೇಳ್ಬೇಕು: ಶ್ರುತಿ ನಿಂದರಬೇಕು, ತಂತಿ ಕೆಳಗಿರಬೇಕು, ಒತ್ತಿದ್ರ ಒತ್ತಿದ ಸ್ವರನೇ ಬರಬೇಕು. ಬೆರಳಿಗೆ ನೋವು ಹೊಸಾದರಾಗೂ ಆಗ್ತದ, ಎರಡು ಮೂರು ವಾರ, ಆಮ್ಯಾಲೆ ಚರ್ಮ ಗಟ್ಟಿಯಾಗ್ತದ. ಅದು ಕಲಿಕಿ ನೋವು. ಬಾಗಿದ ಕುತ್ತಿಗಿ ಕೊಡೋ ನೋವಿಗೆ ಕೊನಿನೇ ಇಲ್ಲ, ಆಕಿಗೆ ಅವೆರಡರ ಫರಕು ತಿಳಿಯೋದಾದ್ರೂ ಹೆಂಗ? ತನ್ನ ಕೈಯೇ ಸರಿ ಇಲ್ಲ ಅಂದ್ಕೋತಾಳ.

ಭಿಶಿ ರೊಕ್ಕ ಈ ತಿಂಗಳು ನನ್ನ ಹೆಸರಿಗೆ ಬಂದಿತ್ತು. ಅದರಾಗ 12 ಸಾವಿರ ತಗದು ಹುಬ್ಬಳ್ಳಿಗೆ ಹೋಗಿ ಹೊಸಾದು ತಂದೀವಿ, ಆಕಿ ತೋಳಿಗೆ ಹೊಂದೋ ಸಣ್ಣ ಹೊಟ್ಟಿದು. ಅಂಗಡಿಯೊಳಗ ಮೂರು ಹಿಡಿಸಿ, ಹನ್ನೆರಡನೇ ಫ್ರೆಟ್ ಅಳದೇ ತೊಗೊಂಡ್ವಿ. ಭಾವನವರ ಗಿಟಾರಿನ ತಂತಿ ಸಡ್ಲ ಮಾಡಿ, ಒರಸಿ, ಅವರ ಪಡಸಾಲಿ ಗ್ವಾಡಿಗೆ ತೂಗಹಾಕೇವಿ, ಅಕ್ಕಾ ಫೋಟೋ ಕಳಸ್ಯಾರ, ಭಾಳ ಛಂದ ಕಾಣಸ್ತದ.

ದಿನಾ ಸಂಜೀಕ ಆರೂವರಿಯಿಂದ ಏಳರ ತನಕಾ ಆಕಿ ಮ್ಯಾಲಿನ ಖೋಲಿಯೊಳಗ ಬಾರಸ್ತಾಳ. 'ಎಫ್' ಅನ್ನೋ ಕಾರ್ಡ್ ಇನ್ನೂ ಕೂಡವಲ್ದು, ಅದು ಎಲ್ಲಾರಿಗೂ ಹಂಗ ಅಂತ ಕಲಸೋರು ಹೇಳ್ಯಾರ. ಬಾಜೂ ಮನಿ ಮಾಮಿಯರೇ, ನಿಮ್ಮ ಧಾರಾವಾಹಿಗೆ ಅಡ್ಡಿ ಆದ್ರ ನನಗ ಹೇಳ್ರಿ, ಹೊತ್ತು ಬದಲಸ್ತೀವಿ. ಆಕಿಗೆ ಮಾತ್ರ ಏನೂ ಅನಬ್ಯಾಡ್ರಿ.